ಶಿವನಂಜ ಎತ್ತಿದ ಗುಂಡುಕಲ್ಲು

ನಾನು ಒಂದು ಗುಂಡುಕಲ್ಲು. ಮೈಸೂರಿನ ಹಳೇ ಗರಡಿಮನೆಯೊಂದರಲ್ಲಿ ಪೈಲ್ವಾನರು ಎತ್ತಿ ಸಾಮು ಮಾಡಲೆಂದೇ ಹುಟ್ಟಿದವನು. ಕಲ್ಲುಕುಟಿಗನೊಬ್ಬ ಹನ್ನೊಂದು ದಿನ ಉಳಿಯಲ್ಲಿ ಹೊಡೆದು ನನ್ನನ್ನು ದುಂಡಗೆ ಮಾಡಿದ. ನೋವಾಯಿತೇ ಎಂದು ಅವನು ಕೇಳಲಿಲ್ಲ. ಕಲ್ಲಿನ ಕ್ಷೇಮಸಮಾಚಾರ ಯಾರಿಗೆ ಬೇಕು?

ಗರಡಿಯಲ್ಲಿ ನನಗೆ ಮರ್ಯಾದೆಯಿತ್ತು. ಮೊಣಕಾಲಿನವರೆಗೆ ಎತ್ತಿದವನು ಇನ್ನೂ ಎಳಸು. ಎದೆಮಟ್ಟಕ್ಕೆ ಎತ್ತಿದವನು ಕುಸ್ತಿಗೆ ಇಳಿಯಬಹುದು. ಹೆಗಲಿಗೇರಿಸಿದವನೇ ಪೈಲ್ವಾನ್. ಉಸ್ತಾದ್ ದಾಸಪ್ಪನವರು ಯಾರ ಬಾಯಿಮಾತನ್ನೂ ನಂಬುತ್ತಿರಲಿಲ್ಲ, ನನ್ನನ್ನು ನಂಬುತ್ತಿದ್ದರು. ಅದರಿಂದ ನನಗೆ ಜಂಬವೂ ಬಂದಿತ್ತು, ಸುಳ್ಳೇಕೆ ಹೇಳಲಿ?

ಹೆಗಲಿಗೇರಿಸಿದವರಲ್ಲಿ ನನಗೆ ಇಷ್ಟವಾದವನು ಶಿವನಂಜ. ಎತ್ತಿದ ಮೇಲೆ ಬೇರೆಯವರ ಹಾಗೆ ಧೊಪ್ಪೆಂದು ಬಿಸಾಡದೆ ಮೆಲ್ಲಗೆ ಇಳಿಸುತ್ತಿದ್ದ. ಅವನಿಗೆ ಮೂವತ್ತು ದಾಟಿದಾಗ ಮೂತ್ರಪಿಂಡದ ಕಾಯಿಲೆ ಬಂತು. ಡಾಕ್ಟರು ಸ್ಟೀರಾಯ್ಡ್ ಗುಳಿಗೆ ಬರೆದರು. ಆರು ತಿಂಗಳ ಮೇಲೆ ಅವನು ಗರಡಿಗೆ ಬಂದಾಗ ಮುಖ ಕುಂಬಳಕಾಯಿಯಂತೆ ಊದಿತ್ತು, ತೊಡೆಗಳು ಮಾತ್ರ ಸೊರಗಿದ್ದವು. ನನ್ನನ್ನು ಮೊಣಕಾಲಿನವರೆಗೆ ತಂದು ಕೈಬಿಟ್ಟ. ಆಮೇಲೆ ಗೋಡೆಗೆ ಮುಖಮಾಡಿ ಅತ್ತ.

ಗರಡಿಯ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ. ಅವನ ಹೆಂಡತಿ ಮಾದೇವಿ ಹೊರಗೇ ನಿಂತು ಹೇಳಿದಳು:

"ಉಸ್ತಾದ್ರೇ, ಈ ಗುಳಿಗೆ ತೊಡೆಯ ಮಾಂಸ ಕರಗಿಸ್ತದಂತೆ. ದಿನಾ ಒಸಿ ಒಸಿ ಸಾಮು ಮಾಡಿದ್ರೆ ಕಸುವು ಉಳೀತದೆ ಅಂದ್ರು ಡಾಕ್ಟ್ರು. ಆದ್ರೆ ಗುಳಿಗೆ ಒಂದು ದಿನಾನೂ ಬಿಡಬಾರದಂತೆ."

"ಆಗ್ಲಿ ತಾಯಿ, ನಾನು ನೋಡ್ಕೋತೀನಿ" ಎಂದರು ಉಸ್ತಾದರು.

ನೋಡಿಯೂ ಕೊಂಡರು. ಮೊದಲು ನಾಲ್ಕು ಬಸ್ಕಿ, ಆಮೇಲೆ ಹತ್ತು, ಇಪ್ಪತ್ತು. ಎರಡು ತಿಂಗಳಲ್ಲಿ ಅವನ ತೊಡೆ ಗಟ್ಟಿಯಾಯಿತು. ಒಂದು ಮುಂಜಾನೆ ಶಿವನಂಜ ನನ್ನನ್ನು ಎದೆಮಟ್ಟಕ್ಕೆ ಎತ್ತಿದ. ನೆರೆದವರೆಲ್ಲ ಅವನ ಬೆನ್ನು ತಟ್ಟಿದರು. ನಾನೂ ಹಿಗ್ಗಿದೆ, ಪೆದ್ದ.

ಗರಡಿಯವರಿಗೆ ಒಂದು ನಂಬಿಕೆ. ಮೈಗೆ ಸೇರಿದ ನಂಜೆಲ್ಲ ಬೆವರಿನಲ್ಲಿ ಇಳಿದುಹೋಗುತ್ತದೆ, ಮಿಕ್ಕಿದ್ದನ್ನು ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣು ಹೀರಿಕೊಳ್ಳುತ್ತದೆ ಎಂದು. ಉಸ್ತಾದರು ಶಿವನಂಜನ ತೋಳು ಹಿಚುಕಿ ನೋಡಿದರು.

"ನೋಡ್ಲಾ, ಆ ಮದ್ದಿನ ನಂಜೆಲ್ಲ ಬೆವರಾಗಿ ಇಳೀತು. ಇನ್ನೂ ಯಾಕ್ಲಾ ಅದ ನುಂಗ್ತೀಯ?"

"ಡಾಕ್ಟ್ರು ಬಿಡಬ್ಯಾಡ ಅಂದವ್ರೆ, ಉಸ್ತಾದ್ರೇ."

"ಡಾಕ್ಟ್ರು ನೀನು ಕಲ್ಲು ಎತ್ತಿದ್ದ ನೋಡವ್ರಾ?"

ಶಿವನಂಜ ಗುಳಿಗೆಯ ಪೊಟ್ಟಣವನ್ನು ಗರಡಿಯ ಗೋಡೆಯಲ್ಲಿದ್ದ ಹನುಮಂತನ ಗೂಡಿನಲ್ಲಿಟ್ಟು ಕೈಮುಗಿದ. ಗುರುವಿನ ಮಾತು ಮೀರುವುದು ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಕೇಳಿದರೆ ಗರಡಿಯಲ್ಲೇ ನುಂಗಿದೆ ಎನ್ನುತ್ತಿದ್ದನಂತೆ. ಬಸ್ಕಿ ನೂರಕ್ಕೇರಿತು. ಗುಳಿಗೆ ಬಿಟ್ಟ ಮೂರನೆಯ ದಿನ ಅವನಿಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ನನ್ನನ್ನು ಮುಟ್ಟಿದ ಅಂಗೈ ತಣ್ಣಗಿತ್ತು. ಕೂಗಿ ಹೇಳಲು ನನಗೆ ಬಾಯಿಯಿಲ್ಲ.

ಐದನೆಯ ದಿನ ಬೆಳಿಗ್ಗೆ ಅವನು ನನ್ನನ್ನು ಎದೆಗೆ ತಂದವನು ಹಾಗೇ ಕುಸಿದ. ವಾಂತಿಯಾಯಿತು, ಕಣ್ಣು ಮೇಲಾಯಿತು. ಯಾರೋ ಓಡಿಹೋಗಿ ಹೇಳಿದರು. ಮಾದೇವಿ ಬಂದವಳು ಹೊಸ್ತಿಲನ್ನು ನೋಡಲೇ ಇಲ್ಲ, ಚಪ್ಪಲಿಗಾಲಲ್ಲೇ ಮಟ್ಟಿಗೆ ಇಳಿದು ಗಂಡನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಯಾರೂ ತಡೆಯಲಿಲ್ಲ. ಅವನನ್ನು ಆಸ್ಪತ್ರೆಗೆ ಒಯ್ದರು. ಸಂಜೆಗೆ ಹೆಣವಾಗಿ ಮನೆಗೆ ಬಂದ.

ಹದಿಮೂರು ದಿನ ಕಳೆದ ಮೇಲೆ ಉಸ್ತಾದರು ನನ್ನ ಪಕ್ಕ ಬಂದು ಕೂತರು. ಯಾರಿಗೆ ಹೇಳಿದರೋ, ನನಗೇ ಇರಬೇಕು.

"ತಿಂಗಳುಗಟ್ಲೆ ಆ ಗುಳಿಗೆ ತಗೊಂಡ್ರೆ, ಅದರಂಥದ್ದನ್ನ ತಾನೇ ತಯಾರು ಮಾಡೋದು ಮೈಗೆ ಮರೆತುಹೋಗಿರ್ತದಂತೆ. ಒಂದೇ ಸಲ ನಿಲ್ಲಿಸಿ, ಮೇಲಿಂದ ದಂಡಿಸಿದ್ರೆ ತಡ್ಕೊಳಾಕೆ ಒಳಗೆ ಏನೂ ಇರಾಕಿಲ್ವಂತೆ. ಸಾಮು ಅವನ ಕಾಲು ಉಳಿಸ್ತು. ನಾನು ಜೀವ ಕಳೆದೆ."

ಆಮೇಲೆ ಅವರು ಯಾರಿಗೂ ಸಾಮು ಹೇಳಿಕೊಡಲಿಲ್ಲ. ಗರಡಿ ಮುಚ್ಚಿತು, ಚಾವಣಿ ಬಿತ್ತು. ಈಗ ನಾನು ರಸ್ತೆಬದಿಯಲ್ಲಿ ಪಾನಿಪುರಿ ಗಾಡಿಯ ಟಾರ್ಪಾಲು ಹಾರದಂತೆ ಅದರ ಹಗ್ಗ ಹಿಡಿದುಕೊಂಡಿದ್ದೇನೆ. ಮೈತುಂಬ ಪಾಚಿ. ನಾಯಿಗಳು ಕಾಲೆತ್ತುತ್ತವೆ, ಎತ್ತಲಿ.

ಎಲ್ಲರೂ ಉಸ್ತಾದರನ್ನು ಬೈಯುತ್ತಾರೆ. ನನ್ನನ್ನು ಯಾರೂ ಬೈದಿಲ್ಲ. ಆದರೆ ಅವನು ಎದೆಮಟ್ಟಕ್ಕೆ ಎತ್ತಿ ಬೆನ್ನು ತಟ್ಟಿಸಿಕೊಂಡ ಆ ಮುಂಜಾನೆ ನಾನು ಇನ್ನೊಂದು ನಾಲ್ಕು ಸೇರು ಭಾರವಿದ್ದಿದ್ದರೆ ಶಿವನಂಜನ ಕೈ ಸೋಲುತ್ತಿತ್ತು. ಅವಮಾನವಾಗಿ ಮನೆಗೆ ಹೋಗಿ, ಹೆಂಡತಿ ಕೊಟ್ಟ ಗುಳಿಗೆ ನುಂಗಿ ಮಲಗುತ್ತಿದ್ದ.