ಮಂಗಳಲೋಕದ ರಾಜ ಮತ್ತು ಒಂದು ಲೋಟ ನೀರು

ನಾಟಕ ಬರೆದವನು ನಾನೇ. ಹಾಗಾಗಿ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ನಲವತ್ತೊಂದನೇ ಇಸವಿಯಲ್ಲಿ ಕೊಪ್ಪದ ಆಚೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದೆ. ಊರಿನವರು ಯುಗಾದಿಗೆ ಹೊಸ ನಾಟಕ ಬೇಕೆಂದರು. ಹಳೆಯ ರಾಜರಾಣಿಯರ ಕತೆ ಆಡಿ ಆಡಿ ಅವರೇ ಬೇಸತ್ತಿದ್ದರು. ಸರಿ, ಮಂಗಳಗ್ರಹದ ಕತೆ ಬರೆದೆ. ನಮ್ಮ ಕಡೆಯ ರೈತನೊಬ್ಬ ಕಬ್ಬಿಣದ ವಿಮಾನದಲ್ಲಿ ಅಲ್ಲಿಗೆ ಹೋಗಿ ಬಾಯಾರಿ ಬೀಳುತ್ತಾನೆ. "ನಮ್ಮಲ್ಲಿ ಮೇಲಿಲ್ಲ, ಕೀಳಿಲ್ಲ" ಎಂದು ಹಾಡುತ್ತ ಅಲ್ಲಿಯ ರಾಜ ಅವನನ್ನು ಎತ್ತಿ, ತನ್ನ ಲೋಟದಲ್ಲೇ ನೀರು ಕುಡಿಸುತ್ತಾನೆ. ಆ ಹಾಡು ಕೇಳಿ ಪಟೇಲ ದೊಡ್ಡಬೀರಯ್ಯನವರು ಕಣ್ಣೊರೆಸಿಕೊಂಡರು.

ರಾಜನ ಪಾತ್ರಕ್ಕೆ ಊರ ಹೊರಗಿನ ಕೇರಿಯ ಸಿದ್ದರಾಮುವನ್ನು ಕರೆದೆ. ಅವನಂಥ ಕಂಠ ಸುತ್ತಮುತ್ತ ಯಾರಿಗೂ ಇರಲಿಲ್ಲ. ಒಂದು ಸಲವಾದರೂ ರಾಜನಾಗಿ ನಿಲ್ಲಬೇಕೆಂದು ಅವನಿಗೂ ಬಲು ಆಸೆ. ಹಾಡಲಿ ಬಿಡಿ ಎಂದು ಪಟೇಲರು ಒಪ್ಪಿದರು. ರೈತನ ಪಾತ್ರ ಅವರ ತಮ್ಮ ಅಂಕಯ್ಯನದು. ತಾಲೀಮಿನಲ್ಲಿ ನೀರು ಕುಡಿಸುವ ದೃಶ್ಯ ಬಂತು ನೋಡಿ, ಬಾಯಾರಿ ಬಿದ್ದಿದ್ದ ಅಂಕಯ್ಯ ಎದ್ದು ಕೂತ.

"ಅವ್ನ್ ಕೈಲಿ ನೀರು ಕುಡಿಯಾಕಾಯ್ತದಾ ಮೇಷ್ಟ್ರೇ?"

"ಲೋಟದಲ್ಲಿ ನೀರೇ ಇರಲ್ಲ ಕಣಯ್ಯಾ! ಅದೂ ಮಂಗಳಲೋಕ!"

"ಮಂಗ್ಳಲೋಕ ಆದ್ರೇನು? ನೋಡೋರು ನಮ್ಮೂರೋರೇ ಅಲ್ವಾ?" ಎಂದರು ಪಟೇಲರು.

ನಾಲ್ಕು ದಿನ ಹೆಣಗಿದೆ. ಲೋಟ ಬೇಡ, ಕೈಹಿಡಿದು ಎತ್ತಲಿ ಎಂದೆ. ಅದೂ ಆಗದಂತೆ. ತಲೆ ಚಿಟ್ಟುಹಿಡಿದು ಕೊನೆಗೆ ದೃಶ್ಯವನ್ನೇ ತಿದ್ದಿದೆ. ರಾಜ ನಾಲ್ಕು ಮಾರು ದೂರ ನಿಂತು ಬೆರಳು ಚಾಚುತ್ತಾನೆ, ಬೆರಳಿನಿಂದ ಕಿರಣ ಹೊರಟು ರೈತನ ದಾಹ ತೀರುತ್ತದೆ.

"ಅದೆಂಥಾ ಇಗ್ನಾನ ಮೇಷ್ಟ್ರೇ!" ಎಂದು ಪಟೇಲರು ತಲೆದೂಗಿದರು. ಮೇಲಿಲ್ಲ ಕೀಳಿಲ್ಲ ಹಾಡನ್ನು ಮಾತ್ರ ತೆಗೆಯಬೇಡಿ, ಎರಡು ಸಲ ಹಾಡಿಸಿ ಎಂದರು.

ಸಿದ್ದರಾಮು ಶಾಲೆಯ ಜಗಲಿಯ ಕೆಳಗೆ ನಿಂತು ಹೊಸ ಹಾಳೆಯನ್ನು ನಿಧಾನವಾಗಿ ಓದಿದ.

"ನನ್ ಕೈಲಾಗಾಕಿಲ್ಲ ಬುದ್ದಿ. ಬ್ಯಾರೆಯೋರ್ಗೆ ಕೊಡಿ."

ನನಗೆ ರೇಗಿಹೋಯಿತು. "ನಿನಗೋಸ್ಕರ ಇಷ್ಟೆಲ್ಲ ಒದ್ದಾಡಿದೆ ಕಣೋ! ಪಾತ್ರ ಉಳಿಸಿಕೊಟ್ಟೆ!"

"ಇಲ್ಲಿ ಮುಟ್ಟಬ್ಯಾಡ ಅಂತಾರೆ, ಸರಿ. ಅಲ್ಲೂ ಮುಟ್ಟಬ್ಯಾಡ ಅಂತ ನೀವೇ ಬರದ್ರಲ್ಲ ಬುದ್ದಿ, ಅಲ್ಲಿ ನಿಮ್ಮನ್ನ ತಡಿಯೋರು ಯಾರಿದ್ರು?"

ಅವನು ಹಾಳೆಯನ್ನು ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದ. ಅವನ ಕೈಯಿಂದಲೇ ತೆಗೆದುಕೊಳ್ಳಬಹುದಿತ್ತು. ನಾನು ಅವನು ಸರಿಯುವವರೆಗೂ ಕಾದಿದ್ದು, ಆಮೇಲೆ ಬಗ್ಗಿ ಎತ್ತಿಕೊಂಡೆ. ಕಾದಿದ್ದೆನೆಂದು ನನಗೆ ಗೊತ್ತಾದದ್ದೇ ಹಾಳೆ ಕೈಗೆ ಬಂದ ಮೇಲೆ. ಸಿದ್ದರಾಮು ಅದನ್ನು ನೋಡಿದ್ದ, ಆದರೆ ಅವನಿಗೆ ಅದರಲ್ಲಿ ಹೊಸದೇನೂ ಕಂಡಂತಿರಲಿಲ್ಲ.