ಉಪ್ಪು ಕುಡಿದ ಬೇರು

ಬೀರಮ್ಮ ಕಳೆ ಕೀಳುತ್ತಿದ್ದಳು. ಅರ್ಧ ಗದ್ದೆ ಮುಗಿದಿತ್ತು. ಹುಲ್ಲಿನ ಜೊತೆ ನಾನೂ ಕಿತ್ತುಬಂದೆ. "ನೀನೆಲ್ಲಿಗೆ ಹೊರಟ್ಯೇ?" ಎಂದು ನನ್ನನ್ನು ಮತ್ತೆ ಕೆಸರಿಗೆ ಊರಿ, ಹೆಬ್ಬೆರಳಿನಿಂದ ಒತ್ತಿದಳು.

ನಾನು ಒಂದು ಭತ್ತದ ಬೇರು. ಅವಳ ಅಡುಗೆಮನೆಯಲ್ಲಿ, ಒದ್ದೆ ಹುಲ್ಲು ಹೊದಿಸಿದ ಬುಟ್ಟಿಯಲ್ಲಿ ಮೊಳೆತದ್ದು. ಆಮೇಲೆ ಈ ಗಜನಿಗೆ ಎರಚಿದರು. ಗಜನಿಯೆಂದರೆ ಹೊಳೆ ಸಮುದ್ರ ಸೇರುವಲ್ಲಿನ ತಗ್ಗು ಗದ್ದೆ. ಮಳೆಗಾಲದಲ್ಲಿ ಸಿಹಿನೀರು, ಉಳಿದ ಕಾಲ ಉಪ್ಪುನೀರು. ಕಟ್ಟೆಗೊಂದು ತೂಬು, ಉಪ್ಪುನೀರು ತಡೆಯಲು ತೂಬಿಗೊಂದು ಹಲಗೆ. ಹಲಗೆ ಇಳಿದಿರುವಷ್ಟು ದಿನ ನಮ್ಮ ಆಯುಷ್ಯ.

ನಾನು ಪೇಟೆಯ ಬೀಜ; ಬೀರಮ್ಮನ ಗಂಡ ಗೋಯ್ದ ತಂದದ್ದು. ಬುಟ್ಟಿಯ ತಳಕ್ಕೆ ಅಂಟಿದ್ದ ಹಳೆಯ ಕಗ್ಗ ಭತ್ತದ ಕೆಲವು ಕಾಳೂ ನಮ್ಮೊಡನೆ ಬಿದ್ದವು. ಅವುಗಳಲ್ಲೊಂದು ನನ್ನ ಮಗ್ಗುಲಲ್ಲೇ ಬೇರುಬಿಟ್ಟಿತು.

ಗದ್ದೆ ಬೀರಮ್ಮನಿಗೆ ತವರಿನಿಂದ ಬಂದದ್ದು. ಸಿಗಡಿ ಸಾಕುವವನಿಗೆ ಕೊಟ್ಟುಬಿಡೋಣ ಎಂದು ಗೋಯ್ದ ಹೇಳುತ್ತಲೇ ಇದ್ದ. ಕೊಟ್ಟರೆ ವರ್ಷವಿಡೀ ಉಪ್ಪುನೀರು, ಮತ್ತೆ ಭತ್ತವಿಲ್ಲ. ಒಂದು ದಿನ ಕಟ್ಟೆಯ ಮೇಲೆ ಅದೇ ಮಾತು ಬಂತು.

"ಈ ಗದ್ದೇಲಿ ಭತ್ತ ಏಳೂವಷ್ಟು ದಿನ ಕೊಡೂದಿಲ್ಲ" ಎಂದಳು.

"ಏಳದೇ ಇದ್ರೆ?"

"ಏಳದಿದ್ರೆ ನಿಮ್ಮಿಷ್ಟ."

ಅಮಾವಾಸ್ಯೆಯ ಭರತ, ಅಂದರೆ ಸಮುದ್ರದ ಉಬ್ಬರ, ಏರುವಾಗ ತೂಬಿನ ಕಡೆ ಕೆಸರು ಅದುರಿತು. ಹಿಮ್ಮಡಿ ಊರಿ ನಡೆಯುವ ಆ ಹೆಜ್ಜೆ ನನಗೆ ಗೊತ್ತು; ಕಟ್ಟೆಯ ಮೇಲೆ ಮಾತಾಡಿದ ದಿನ ಬೀರಮ್ಮನ ಪಕ್ಕದಲ್ಲಿದ್ದದ್ದು ಅದೇ. ಅದರ ಹಿಂದೆಯೇ ಉಪ್ಪು ಬಂತು, ನನ್ನ ನಿತ್ಯದ ಅನ್ನದ ವೇಷ ಹಾಕಿಕೊಂಡು. ನಾನು ಬಾಗಿಲು ತೆರೆದೆ. ಸುತ್ತ ನೀರಿದ್ದೂ ಬಾಯಾರಿತು. ನನ್ನೊಳಗಿನ ನೀರೇ ಹೊರಗೆ ಹರಿಯತೊಡಗಿತು. ಕವಲೊಡೆಯುವುದು ನಿಂತಿತು. ಮಗ್ಗುಲಿನ ಕಗ್ಗ ತುದಿಯನ್ನು ಉಪ್ಪಿನಿಂದ ಆಚೆ ತಿರುಗಿಸಿ, ಒಳಗೋಡೆಗೆ ಮೇಣ ಮೆತ್ತಿಕೊಂಡು, ಉಸಿರು ಹಿಡಿದು ಕೂತಿತು. ನಾನೂ ಹಾಗೇ ಮಾಡಲು ನೋಡಿದೆ. ಉಪ್ಪು ಆಗಲೇ ಕಾಂಡ ಹತ್ತಿತ್ತು.

ಎಲೆಗಳು ಹಳದಿಯಾದವು. ಬೀರಮ್ಮ ನನ್ನದೊಂದು ಎಳೆ ಕಿತ್ತು ನಾಲಿಗೆಗಿಟ್ಟಳು. ಅವಳ ತವರಿನ ಹೆಂಗಸರು ಗದ್ದೆಯ ಉಪ್ಪು ನೋಡುವುದೇ ಹೀಗೆ. ಉಗುಳಿ ತೂಬಿನ ಕಡೆ ನಡೆದಳು. ಕಲ್ಲು ಉರುಳಿದ ಸದ್ದು, ಹಲಗೆ ಇಳಿದ ಸದ್ದು ಕೆಸರಿನಲ್ಲಿ ಬಂತು. ಮರಳಿ ಬಂದಳು. "ಏಡಿ ಹಲಗೆ ಎತ್ತಿ ಅಡಿಗೆ ಕಲ್ಲು ಇಡ್ತದಾ?" ಎಂದು ತನಗೆ ತಾನೇ ಕೇಳಿಕೊಂಡಳು.

ಮನೆಯಲ್ಲಿ ಆ ಮಾತು ಎತ್ತಲಿಲ್ಲವೆಂದು ಕಾಣುತ್ತದೆ. ಗೋಯ್ದ ಮುಂದೆಯೂ ಶಿಳ್ಳೆ ಹಾಕುತ್ತಲೇ ಕಟ್ಟೆಗೆ ಬರುತ್ತಿದ್ದ.

ಈಗ ಕೊಯ್ಲಿನ ಕಾಲ. ಕೊಯ್ಯಲು ಹೆಚ್ಚೇನಿಲ್ಲ. ನಾನು ಕಪ್ಪಾಗಿ ಕೊಳೆಯುತ್ತಿದ್ದೇನೆ. ಉಪ್ಪನ್ನು ನೆಂಟನೆಂದುಕೊಂಡದ್ದಕ್ಕೆ ಇದು ಫಲ. ಇವತ್ತು ಬೀರಮ್ಮ ನನ್ನ ಪಕ್ಕ ಕೂತು ಕಗ್ಗದ ತೆನೆಗಳನ್ನು ಒಂದೊಂದಾಗಿ ಚಿವುಟಿ ಮಡಿಲಿಗೆ ಸೇರಿಸಿದಳು. ಅಲ್ಲಲ್ಲಿ ನಿಂತಿದ್ದ ಉಳಿದ ಕಗ್ಗವನ್ನೂ ಬಿಡಲಿಲ್ಲ. ಅಷ್ಟರಲ್ಲಿ ಗೋಯ್ದ ಬಂದ.

"ನೋಡ್ದ್ಯಲ್ಲ, ಎಂತದೂ ಏಳ್ಲಿಲ್ಲ. ನಾಳೆ ಸಿಗಡಿಯವ ಬರ್ತಾನೆ, ಹೂಂ ಅಂದ್ಬಿಡು."

ಬೀರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಳು. "ಗಂಜಿ ಆರ್ತದೆ, ನಡೀರಿ" ಎಂದಳು.

ಅವನು ಮುಂದೆ ನಡೆದ, ಶಿಳ್ಳೆ ಹಾಕುತ್ತ. ಹಿಂದೆ ಅವಳು, ಎದ್ದ ಭತ್ತವನ್ನು ಮಡಿಲಲ್ಲಿ ಹಿಡಿದು. ಕಟ್ಟೆಯಾಚೆ ಭರತ ಏರುತ್ತಿದೆ. ನಾಳೆ ಅವಳು ಏನೆನ್ನುತ್ತಾಳೆಂದು ನನಗೆ ಗೊತ್ತು, ಅವನಿಗಿನ್ನೂ ಗೊತ್ತಿಲ್ಲ.