ಕೆಂಪಾಗದ ಬಾಟಲಿ

ಆರು ದಿನ ಉಪವಾಸ ಕೆಡವಿದರೂ ಬಾಟಲಿಯ ನೀರು ಹಸಿರಾಗಿಯೇ ಇತ್ತು. ಅಂತಿಂಥ ಹಸಿರಲ್ಲ, ಉಂಡು ತೇಗಿ ಮಲಗಿದಂಥ ಹಸಿರು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಕೆಂಪು ಚುಕ್ಕೆಯೂ ಇಲ್ಲ.

"ಒಂದು ಹನಿ ಗೊಬ್ಬರ ಹಾಕಿಲ್ಲ. ಹಗಲೂ ರಾತ್ರಿ ಮುಖದ ಮೇಲೆ ದೀಪ ಉರಿಸಿದ್ದೀನಿ. ಇನ್ನೇನು ಇದರ ಕಾಲಿಗೆ ಬೀಳ್ಬೇಕಾ?"

ಪಕ್ಕದಲ್ಲಿ ಅಪ್ಪ ತಲೆಯೆತ್ತದೆ ಈರುಳ್ಳಿ ಹೆಚ್ಚುತ್ತಿದ್ದರು.

ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಅವಳು ಒಂಬತ್ತು ವರ್ಷದಿಂದ ತೊಟ್ಟಿ ತೊಳೆಯುತ್ತಿದ್ದಳು. ಕಿತ್ತಳೆ ಬಣ್ಣದಲ್ಲಿ ಬಂದ ಮೀನುಗಳು ಮೂರು ತಿಂಗಳಲ್ಲಿ ಒಗೆದ ಬಟ್ಟೆಯಂತೆ ಬಿಳಿಚಿಕೊಳ್ಳುವುದನ್ನು ಕಂಡು ಕಂಡು, ಒಂದು ದಿನ ಧೈರ್ಯ ಮಾಡಿ ಯಜಮಾನನಿಗೆ ಹೇಳಿದ್ದಳು: ಒಂದು ಜಾತಿಯ ಸೂಕ್ಷ್ಮ ಪಾಚಿಯಿದೆ, ಸುಖವಾಗಿದ್ದರೆ ಹಸಿರು, ಊಟ ನಿಲ್ಲಿಸಿ ಬೆಳಕಿನಲ್ಲಿ ಕಾಯಿಸಿದರೆ ತನ್ನನ್ನು ಉಳಿಸಿಕೊಳ್ಳಲು ಕೆಂಪು ತುಂಬಿಕೊಳ್ಳುತ್ತದೆ, ಅದನ್ನು ತಿಂದ ಮೀನಿಗೆ ತಾನಾಗಿ ಬಣ್ಣ ಬರುತ್ತದೆ. ಒಂಬತ್ತು ವರ್ಷದಲ್ಲಿ ಅವಳ ತಲೆಯಿಂದ ಹೊರಟ ಮೊದಲ ಮಾತು ಅದು. ಯಜಮಾನ ಬಾಟಲಿ ಕೊಟ್ಟ, ದೀಪ ಕೊಟ್ಟ, ಎರಡು ಸಲ ಸೋತಾಗಲೂ ಸುಮ್ಮನಿದ್ದ. ನಿನ್ನೆ ಮಾತ್ರ ಬಾಯಿಬಿಟ್ಟಿದ್ದ. "ಬರೋ ಸೋಮವಾರ ಕೆಂಪು ತೋರಿಸಮ್ಮ. ಇಲ್ಲಾಂದ್ರೆ ಮೀನಿಗೆ ಡಬ್ಬಿ ತಿಂಡಿನೇ ತರಿಸ್ತೀನಿ. ನೀನು ತೊಟ್ಟಿ ತೊಳ್ಕೊಂಡಿರು."

ಇವತ್ತು ಮಂಗಳವಾರ.

"ಅಮ್ಮಾ," ಎಂದಳು ಎಂಟು ವರ್ಷದ ಮಗಳು, ಮನೆಯವರೆಲ್ಲ 'ಇನ್ಸ್‌ಪೆಕ್ಟರ್' ಎಂದು ಕರೆಯುವವಳು. "ತಾತ ದಿನಾ ಬೆಳಿಗ್ಗೆ ಅದಕ್ಕೆ ತಿಂಡಿ ಕೊಡ್ತಾರೆ."

ಚಾಕುವಿನ ಸದ್ದು ನಿಂತಿತು.

"ಎರಡೇ ಹನಿ," ಎಂದರು ಅಪ್ಪ. "ಪಾಪ, ಬಾಯಿಲ್ಲದ ಜೀವ."

"ಬಾಯಿಲ್ಲದ್ದಕ್ಕೆ ತಿಂಡಿ ಯಾಕಪ್ಪಾ ಕೊಟ್ಟೆ?"

"ನೋಡು, ಮೂವತ್ತನಾಲ್ಕು ವರ್ಷ ಹಾಸ್ಟೆಲಲ್ಲಿ ಅಡುಗೆ ಮಾಡಿದೋನು ನಾನು. ಹಸಿದಿರೋರನ್ನ ನೋಡ್ಕೊಂಡು ಸುಮ್ನಿರೋಕಾಗಲ್ಲ."

"ಅದು ಪಾಚಿ!"

"ಹಾಸ್ಟೆಲ್ ಹುಡುಗರೂ ಹಾಗೇ ಇರ್ತಿದ್ರು."

"ಮಧ್ಯಾಹ್ನ ದೀಪಕ್ಕೆ ಟವೆಲ್ಲೂ ಮುಚ್ತಾರೆ," ಎಂದು ಇನ್ಸ್‌ಪೆಕ್ಟರ್ ಎರಡನೇ ಅಪರಾಧವನ್ನೂ ದಾಖಲಿಸಿದಳು.

"ಮತ್ತೆ ಅದು ಮಲಗೋದು ಬೇಡ್ವಾ?"

ಹಿಂದಿನ ಎರಡು ಬಾಟಲಿಗಳ ಗತಿ ಏನಾಗಿತ್ತೆಂದು ಕೇಳುವ ಅಗತ್ಯವೇ ಉಳಿಯಲಿಲ್ಲ. ಒಂದೂವರೆ ತಿಂಗಳು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾಗಿತ್ತು. ಅವಳು ಕೂಗಾಡಿದಳು. ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿ, "ಸರಿ, ನನಗೂ ಊಟ ಬೇಡ. ನಾನೂ ಕೆಂಪಗಾಗ್ತೀನೋ ನೋಡೋಣ," ಎಂದು ಗೋಡೆ ಕಡೆ ತಿರುಗಿ ಕೂತರು.

ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಕೈಗೆ ಸಿಕ್ಕಿದ್ದು ಸಕ್ಕರೆ ಡಬ್ಬಿ. ಅದನ್ನು ಅಪ್ಪನ ಮುಂದೆ ಕುಕ್ಕಿದಳು.

"ಸಕ್ಕರೆ ಕೆಂಪಗೆ ಕರಗಿಸೋವಾಗ ಏನ್ಮಾಡ್ತೀಯ?"

"ಒಣ ಬಾಣಲೆಗೆ ಹಾಕಿ ಉರಿ ಕೊಡ್ತೀನಿ."

"ಮಧ್ಯದಲ್ಲಿ 'ಪಾಪ, ಸುಡ್ತಿದೆ' ಅಂತ ನೀರು ಹಾಕ್ತೀಯಾ?"

"ತಲೆ ಕೆಟ್ಟಿದೆಯಾ ನಿನಗೆ? ಬಣ್ಣ ಬರೋಕೆ ಮುಂಚೆ ಯಾರಾದ್ರೂ ನೀರು..." ಅಪ್ಪನ ಮಾತು ಅಲ್ಲೇ ನಿಂತಿತು. ಬಾಟಲಿಯನ್ನು ನೋಡಿದರು, ಸಕ್ಕರೆಯನ್ನು ನೋಡಿದರು. "ಹೀಗಂತ ಮೊದಲೇ ಹೇಳೋಕೇನಾಗಿತ್ತು? ಹಸಿವು, ಸಂಕಟ ಅಂತ ಏನೇನೋ ಹೇಳಿ ಹೆದರಿಸಿಬಿಟ್ಟೆ."

ಅವಳು ಪಾಚಿಯನ್ನು ತಳಕ್ಕೆ ಇಳಿಯಬಿಟ್ಟು, ಮೇಲಿನ ಗೊಬ್ಬರದ ನೀರು ಬಸಿದು, ಕುದಿಸಿ ಆರಿಸಿದ ಬರೀ ನೀರು ತುಂಬಿದಳು. ಅಪ್ಪ ಸ್ಟೂಲು ಎಳೆದುಕೊಂಡು ದೀಪದ ಪಕ್ಕ ಕಾವಲು ಕೂತರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಅದೇ ಬೇಲಿಯನ್ನು ನಂಬದೆ ಬೇರೆ ದಾರಿ ಇರಲಿಲ್ಲ. ಅವಳು ಕೆಲಸಕ್ಕೆ ಹೋಗಲೇಬೇಕಿತ್ತು.

ಶುಕ್ರವಾರ ಸಂಜೆ ಬಂದು ನೋಡಿದರೆ ಹಸಿರು ಹೋಗಿತ್ತು. ಕೆಂಪು ಬಂದಿರಲಿಲ್ಲ. ತುಕ್ಕು ಹಿಡಿದ ನಲ್ಲಿಯಿಂದ ಹಿಡಿದಿಟ್ಟಂಥ ಕೊಳಕು ಕಂದು ನೀರು. ಇಲ್ಲಿಯವರೆಗೆ ಯಾವ ಬಾಟಲಿಯೂ ಬಂದಿರದ ಜಾಗ ಇದು; ಮುಂದೆ ಏನೆಂದು ಅವಳಿಗೂ ಗೊತ್ತಿರಲಿಲ್ಲ. ಸತ್ತೇ ಹೋಯಿತು! ಈಗಲೇ ನಾಲ್ಕು ಹನಿ ಹಾಕಿದರೆ ಜೀವವಾದರೂ ಉಳಿದೀತೆಂದು ಗೊಬ್ಬರದ ಸೀಸೆಗೆ ತಡಕಾಡಿದಳು. ಅದು ಅಪ್ಪನ ಜೇಬಿನಲ್ಲಿತ್ತು.

"ಕೊಡಪ್ಪಾ."

"ಕೊಡಲ್ಲ."

"ಸಾಯ್ತಿದೆ ಅದು!"

"ಈಗ ಯಾರಿಗೆ ಪಾಪ ಅನ್ನಿಸ್ತಿರೋದು?" ಅಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡರು. "ಸಕ್ಕರೇಲೂ ಕೆಂಪಿಗೆ ಮುಂಚೆ ಹೀಗೇ ಕೆಟ್ಟ ಬಣ್ಣ ಬರೋದು. ಹೊಸಬರು ಇಲ್ಲೇ ಹೆದರಿ ನೀರು ಸುರಿಯೋದು. ಹೋಗಿ ಕೈಕಾಲು ತೊಳ್ಕೋ."

ಮೂರು ಬಾಟಲಿಗೆ ಕದ್ದು ಉಣ್ಣಿಸಿದ ಮನುಷ್ಯ ತನಗೇ ಪಾಠ ಹೇಳುತ್ತಿದ್ದಾನೆ! ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಹೋಗಿ ಕೈಕಾಲು ತೊಳೆದುಕೊಂಡಳು.

ಸೋಮವಾರ ಬೆಳಿಗ್ಗೆ ಬಾಟಲಿಯ ತಳದಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಕೂತಿತ್ತು. ಅಲುಗಾಡಿಸಿದರೆ ಇಡೀ ನೀರೇ ಕೆಂಪಾಯಿತು. ಯಜಮಾನ ಅದನ್ನು ಮೂಸಿ, ಬೆರಳಿಗೆ ಹಚ್ಚಿ, "ಬಣ್ಣದ ಪುಡಿ ಕಲಸಿಲ್ಲ ತಾನೆ?" ಎಂದು ಎರಡು ಸಲ ಕೇಳಿದ. ಆಮೇಲೆ ಅಂಗಡಿಯ ಹಿಂದಿನ ಕಿಟಕಿ ಬಳಿಯ ಕಪಾಟು ಖಾಲಿ ಮಾಡಿಸಿದ. "ಇದು ನಿಂದೇ ಇನ್ಮೇಲೆ. ನಾಲ್ಕು ಬಾಟಲಿ ಇಡು."

ನಾಲ್ಕು ಬಾಟಲಿಗೆ ಬೀಜದಂತೆ ಬಿಡಲು ಹಸಿರು ಪಾಚಿ ಬೇಕಿತ್ತು. ಅದಕ್ಕೆಂದೇ ಫ್ರಿಜ್ಜಿನ ಮೇಲೆ ಒಂದು ಪುಟ್ಟ ಹಸಿರು ಸೀಸೆಯನ್ನು ಬೇರೆಯಾಗಿ ಬೆಳೆಸಿದ್ದಳು. ಅದೊಂದಕ್ಕೆ ಮಾತ್ರ ದಿನ ಬಿಟ್ಟು ದಿನ ಗೊಬ್ಬರ ಹಾಕಬೇಕು. ಕೆಂಪಿನ ಗಡಿಬಿಡಿಯಲ್ಲಿ ಅದರ ನೆನಪೇ ಆಗಿರಲಿಲ್ಲ. ಸಂಜೆ ಕುಣಿಯುತ್ತ ಬಂದವಳು ಫ್ರಿಜ್ಜಿನ ಕಡೆ ನೋಡಿದಳು. ಸೀಸೆ ಅಲ್ಲಿರಲಿಲ್ಲ.

ದೀಪದ ಕೆಳಗಿತ್ತು. ತುಕ್ಕಿನ ಬಣ್ಣಕ್ಕೆ ತಿರುಗುತ್ತಿತ್ತು.

"ಅಪ್ಪಾ! ಇದಕ್ಕೆ ಊಟ ಹಾಕ್ಬೇಕು! ಇದೇ ಬೀಜ!"

ಅಪ್ಪ ಸ್ಟೂಲಿನಿಂದ ಏಳಲಿಲ್ಲ. ಕೈ ಜೇಬಿನ ಮೇಲೆಯೇ ಇತ್ತು.

"ಶುಕ್ರವಾರವೂ ಹೀಗೇ ಕೂಗಾಡಿದ್ದೆ," ಎಂದರು ಶಾಂತವಾಗಿ. "ಇನ್ನೆರಡು ದಿನ ತಡಿ."